ಹೃದಯದ ಸಿಟಿ ಆಂಜಿಯೋ: ‘ಇಲ್ಲ’ ಎಂದರೆ ನಂಬಿ, ‘ಇದೆ’ ಎಂದರೆ ವಿಚಾರಿಸಿ

ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇಲ್ಲ ಎಂದು ಹೇಳುವುದರಲ್ಲಿ ಸಿಟಿ ಆಂಜಿಯೋ (ನರಕ್ಕೆ ಡೈ ಎಂಬ ಬಣ್ಣದ ದ್ರವ ಬಿಟ್ಟು ಆ ನಾಳಗಳನ್ನು ನೋಡುವ ಸಿಟಿ ಸ್ಕ್ಯಾನ್) ಎತ್ತಿದ ಕೈ. ಬ್ಲಾಕ್ ಇದೆ ಎಂದಾಗ ಮಾತ್ರ ಅದರ ಮಾತನ್ನು ಪೂರ್ತಿ ನಂಬುವಂತಿಲ್ಲ.

ಸ್ಕಾಟ್ಲೆಂಡಿನಲ್ಲಿ 4,146 ಎದೆನೋವಿನ ರೋಗಿಗಳ ಮೇಲೆ ನಡೆದ ಸ್ಕಾಟ್-ಹಾರ್ಟ್ ಅಧ್ಯಯನದ ಐದು ವರ್ಷದ ಫಲಿತಾಂಶ 2018ರಲ್ಲಿ ಬಂತು. ಮಾಮೂಲಿ ತಪಾಸಣೆಯ ಜೊತೆ ಸಿಟಿಯೂ ಆದವರಲ್ಲಿ ಹೃದ್ರೋಗದ ಸಾವು ಅಥವಾ ಹೃದಯಾಘಾತ ಶೇ. 2.3, ಉಳಿದವರಲ್ಲಿ ಶೇ. 3.9. ಯಂತ್ರ ಯಾರನ್ನೂ ಗುಣಪಡಿಸುವುದಿಲ್ಲ. ನಾಳದ ಗೋಡೆಯಲ್ಲಿ ಕೊಬ್ಬು ಕಂಡವರಿಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ಆಸ್ಪಿರಿನ್ ಶುರುವಾದದ್ದರ ಫಲ ಇದು ಎನ್ನುವುದೇ ಒಪ್ಪುವ ಮಾತು. ಹತ್ತು ಸಾವಿರ ಜನರ ಪ್ರಾಮಿಸ್ ಅಧ್ಯಯನದಲ್ಲಾದರೆ (2015) ಹೃದಯಕ್ಕೆ ಶ್ರಮ ಕೊಟ್ಟು ನೋಡುವ ಸ್ಟ್ರೆಸ್ ಪರೀಕ್ಷೆಗಿಂತ ಸಿಟಿ ಮೇಲು ಎಂದು ಸಾಬೀತಾಗಲಿಲ್ಲ. ಜಾಹೀರಾತುಗಳಲ್ಲಿ ಮೊದಲನೆಯದಷ್ಟೇ ಕಾಣುತ್ತದೆ.

ಚಿತ್ರ ಕೆಡುವುದು ಹೆಚ್ಚಾಗಿ ಸ್ಕ್ಯಾನ್‌ಗೆ ಮೊದಲೇ. ನಾಡಿ ನಿಮಿಷಕ್ಕೆ 60ರ ಆಸುಪಾಸಿಗೆ ಇಳಿಯಬೇಕು. ಅದಕ್ಕೇ ಗಂಟೆ ಮುಂಚೆ ಮೆಟೊಪ್ರೊಲಾಲ್ ಕೊಡುವುದು. ಆಸ್ತಮಾ ಇದ್ದರೆ ಆಗಲೇ ಹೇಳಿಬಿಡಿ. ನಾಳ ಹಿಗ್ಗಲೆಂದು ನಾಲಿಗೆಯಡಿಗೆ ನೈಟ್ರೋಗ್ಲಿಸರಿನ್ ಹಾಕುತ್ತಾರೆ. ಸಿಲ್ಡೆನಾಫಿಲ್ (ವಯಾಗ್ರ) ತೆಗೆದುಕೊಂಡಿದ್ದವರಿಗೆ ಅದು ಕೂಡದು, ಬಿಪಿ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಡೈ ಸೆಕೆಂಡಿಗೆ 5 ಮಿಲಿಲೀಟರಿನಂತೆ ನುಗ್ಗುವುದರಿಂದ ಮೊಣಕೈಯ ದಪ್ಪ ನರಕ್ಕೇ 18 ಗೇಜ್ ಸೂಜಿ ಬೇಕು. ಡೈ ಹರಿದು ಮೈಯೆಲ್ಲ ಬಿಸಿಯಾದ ಆ ಕ್ಷಣಕ್ಕೇ ಅನೇಕರು ಹಿಡಿದಿಟ್ಟ ಉಸಿರು ಬಿಟ್ಟುಬಿಡುತ್ತಾರೆ. ಆಗ ನಾಳ ಅಲ್ಲಲ್ಲಿ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ, ಇಲ್ಲದ ಬ್ಲಾಕ್ ವರದಿಗೆ ಏರುತ್ತದೆ. ಉಸಿರು ಹಿಡಿಯುವುದನ್ನು ಮೊದಲೇ ಎರಡು ಸಲ ಅಭ್ಯಾಸ ಮಾಡಿಸದ ಸೆಂಟರಿಗೆ ನಾವು ಪೂರ್ತಿ ಅಂಕ ಕೊಡುವುದಿಲ್ಲ.

ಕ್ಯಾಲ್ಷಿಯಂ ಗಟ್ಟಿಯಾಗಿ ಕೂತಿದ್ದರೆ ಅದು ಇರುವುದಕ್ಕಿಂತ ಊದಿಕೊಂಡು ಕಾಣುತ್ತದೆ, ಶೇ. 40ರ ಬ್ಲಾಕ್ 70 ಅನಿಸಬಹುದು. 3 ಮಿಲಿಮೀಟರಿಗಿಂತ ಸಣ್ಣ ಸ್ಟೆಂಟಿನ ಒಳಗಿನದೂ ಸರಿಯಾಗಿ ತಿಳಿಯದು. ಇಂಥವರಿಗೆ ಸ್ಟ್ರೆಸ್ ಇಮೇಜಿಂಗೇ ವಾಸಿ.

ವರದಿಯಲ್ಲಿ ಬ್ಲಾಕ್ ಎಷ್ಟೆಂದು ಹೇಳುವ ಕ್ಯಾಡ್-ರಾಡ್ಸ್ ಅಂಕಿ ಇದೆಯೇ ನೋಡಿ. 0 ಎಂದರೆ ಏನೂ ಇಲ್ಲ. 3 ಎಂದರೆ ಶೇ. 50ರಿಂದ 69 ಬ್ಲಾಕ್, ತಕರಾರು ಬರುವುದೇ ಇಲ್ಲಿ. ರಕ್ತ ನಿಜಕ್ಕೂ ಕಡಿಮೆ ಹರಿಯುತ್ತಿದೆಯೇ ಎಂದು ಇನ್ನೊಂದು ಪರೀಕ್ಷೆಯಿಂದ ತಿಳಿಯದೆ ಸ್ಟೆಂಟಿನ ಮಾತು ಎತ್ತಬಾರದು. ಹರಿವು ಕಡಿಮೆ ಇದ್ದರೂ ತುರ್ತು ಸ್ಥಿತಿಯಲ್ಲಿಲ್ಲದ ರೋಗಿಗಳಲ್ಲೂ ಔಷಧಕ್ಕೆ ಸ್ಟೆಂಟ್ ಅಥವಾ ಬೈಪಾಸ್ ಸೇರಿಸಿದ್ದರಿಂದ ಸಾವು, ಹೃದಯಾಘಾತ ಒಟ್ಟಾರೆ ತಗ್ಗಲಿಲ್ಲ ಎಂದು 2020ರ ಇಸ್ಕೀಮಿಯಾ ಅಧ್ಯಯನ ತೋರಿಸಿತು. ಎದೆನೋವೇನೋ ಕಡಿಮೆಯಾಯಿತು.

ಯಾವ ತೊಂದರೆಯೂ ಇಲ್ಲದೆ ಬರೀ ಚೆಕಪ್‌ಗೆಂದು ಬರುವವರಿಗೆ ಸಿಟಿ ಆಂಜಿಯೋ ಬೇಡ. ಅಪಾಯ ಎಷ್ಟೆಂಬ ಅನುಮಾನವಿದ್ದರೆ ನಾಳದಲ್ಲಿ ಕೂತ ಕ್ಯಾಲ್ಷಿಯಂ ಅಳೆಯುವ, ಡೈ ಇಲ್ಲದ ಕ್ಯಾಲ್ಷಿಯಂ ಸ್ಕೋರ್ ಸ್ಕ್ಯಾನ್ ಸಾಕು. ವಿಕಿರಣವೂ ಸುಮಾರು 1 ಮಿಲಿಸೀವರ್ಟ್ ಅಷ್ಟೇ. ಆದರೆ ಎದೆನೋವಿರುವ ಚಿಕ್ಕ ವಯಸ್ಸಿನವರು ಸ್ಕೋರ್ ಸೊನ್ನೆ ಬಂತೆಂದು ಸುಮ್ಮನಾಗಬಾರದು, ಮೆತ್ತಗಿನ ಕೊಬ್ಬು ಅದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ.