ಮರಿ ಮಾಡಿಸಲು ಹೇಂಟೆಯೋ, ಇನ್‌ಕ್ಯುಬೇಟರೋ?

ಕೋಳಿ ಮೊಟ್ಟೆಯಿಂದ ಮರಿ ಮಾಡಿಸಲು ಹೇಂಟೆ ಒಳ್ಳೆಯದೋ, ಇನ್‌ಕ್ಯುಬೇಟರ್ (ಮೊಟ್ಟೆಗೆ ಕಾವು ಕೊಡುವ ಯಂತ್ರ) ಒಳ್ಳೆಯದೋ ಅಂತ ಕೇಳಿದ್ದೀರಿ. ಎರಡಕ್ಕೂ ಸುಮಾರು 21 ದಿನವೇ ಬೇಕು.

ಹೇಂಟೆಗೆ ಖರ್ಚು ಕಡಿಮೆ. ಮೊಟ್ಟೆ ಹೊರಳಿಸುವುದು, ಕಾವು ಕೊಡುವುದು ಎಲ್ಲಾ ಅದರದ್ದೇ. ಮರಿ ಬಂದ ಮೇಲೂ ರೆಕ್ಕೆಯಡಿ ಬೆಚ್ಚಗೆ ಇಟ್ಟುಕೊಂಡು, ಕೆದಕಿ ತಿನ್ನುವುದನ್ನು ಕಲಿಸುತ್ತದೆ. ರೆಕ್ಕೆ ಸಂದಿಯಿಂದ ಪುಟ್ಟ ಕೊಕ್ಕು ಇಣುಕುವುದು ನೋಡಬೇಕು, ಎಷ್ಟು ಚೆಂದ! ಆದರೆ ಅದು ಕಾವಿಗೆ ಕೂರುವುದು ನಾವು ಹೇಳಿದಾಗಲ್ಲ. ಹತ್ತು-ಹನ್ನೆರಡಕ್ಕಿಂತ ಜಾಸ್ತಿ ಮೊಟ್ಟೆ ಇಡಬೇಡಿ.

ಇನ್‌ಕ್ಯುಬೇಟರ್ ಯಾವಾಗ ಬೇಕಾದರೂ ಸಿದ್ಧ. ಅದರೊಳಗೆ ಫ್ಯಾನ್ ಇದ್ದರೆ ಶಾಖವನ್ನು 37.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟುಕೊಳ್ಳಬೇಕು, 18ನೇ ದಿನದವರೆಗೆ ಮೊಟ್ಟೆ ಹೊರಳಿಸಬೇಕು. ಕರೆಂಟ್ ಪದೇ ಪದೇ ಹೋಗುವ ಕಡೆ ಕಷ್ಟ. ಮರಿಗಳಿಗೆ ಬೇರೆ ಬೆಚ್ಚನೆಯ ಗೂಡೂ ಬೇಕು.

ನಾಲ್ಕಾರು ಮರಿ ಸಾಕು ಅನ್ನುವವರಿಗೆ ಹೇಂಟೆ. ಕಾವಿಗೇ ಕೂರದ ತಳಿ ಸಾಕಿದ್ದರೆ, ಒಟ್ಟಿಗೆ ಜಾಸ್ತಿ ಮರಿ ಬೇಕಿದ್ದರೆ ಇನ್‌ಕ್ಯುಬೇಟರ್.