ಬೀದರ್‌ಗೆ ‘ಕಪಲ್ ಪ್ಯಾಕೇಜ್’ ಅಂತ ಪೂರ್ತಿ ದುಡ್ಡು ಮೊದಲೇ ಹಾಕಬೇಡಿ, ನಾವು ಹಾಕಿ ಮೋಸ ಹೋದೆವು

ಮೊದಲೇ ಹೇಳಿಬಿಡುತ್ತೇನೆ. ವಾಟ್ಸಾಪ್‌ನಲ್ಲಿ ಮಾತಾಡಿ, ಫೋನ್‌ಪೇ ಮಾಡಿ, ಬೀದರ್‌ಗೆ ಕಪಲ್ ಪ್ಯಾಕೇಜ್ ತಗೊಳ್ಳಬೇಡಿ. ನಾವು ತಗೊಂಡೆವು. 8,000 ರೂಪಾಯಿ ಹೋಯಿತು. ದುಡ್ಡಿನ ಮಾತು ಒಂದು ಕಡೆ ಇರಲಿ, ಆ ಮನುಷ್ಯ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. ಇದನ್ನು ಬರೆಯಬೇಡ ಅಂತ ನಮ್ಮನೆಯವರು ಮೂರು ಸಲ ಹೇಳಿದರು. “ಊರಾಗ ಎಲ್ಲರಿಗೂ ಗೊತ್ತಾಗ್ತದ, ಬಿಡು” ಅಂದರು. ನಾನು ಬಿಡುವುದಿಲ್ಲ. ನಾಚಿಕೆಯಿಂದ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ ಅನ್ನುವ ಧೈರ್ಯದ ಮೇಲೇ ಇಂಥವರ ವ್ಯಾಪಾರ ನಡೆಯುತ್ತಿದೆ.

ನಮ್ಮದು ಮದುವೆಯಾಗಿ 15 ವರ್ಷ. ಮಗಳು ಎಂಟನೇ ಕ್ಲಾಸು, ಮಗ ನಾಲ್ಕನೇ ಕ್ಲಾಸು. ಇಷ್ಟು ವರ್ಷದಲ್ಲಿ ನಾವಿಬ್ಬರೇ ಎಲ್ಲಿಗೂ ಹೋಗಿರಲಿಲ್ಲ. ಹೋದರೆ ಮದುವೆ, ಜಾತ್ರೆ, ಆಸ್ಪತ್ರೆ. ಈ ಸಲ ಅತ್ತೆಯೇ ಹೇಳಿದರು, “ಹುಡುಗರನ್ನ ನಾ ನೋಡ್ಕೋತೀನಿ, ನೀವಿಬ್ಬರು ಎಲ್ಲರ ಎರಡು ದಿನ ಹೋಗಿ ಬರ್ರಿ” ಅಂತ. ಅತ್ತೆ ಬಾಯಿಂದ ಆ ಮಾತು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ದೂರ ಹೋಗುವ ಧೈರ್ಯ ಇರಲಿಲ್ಲ. ಮಕ್ಕಳಿಗೆ ಏನಾದರೂ ಆದರೆ ಮೂರು ತಾಸಿನಲ್ಲಿ ಕಲಬುರಗಿಗೆ ವಾಪಸ್ ಬರುವಂತಿರಬೇಕು. ಅದಕ್ಕೇ ಬೀದರ್.

ಆ ಪೇಜು ಫೋನಿನಲ್ಲಿ ಸಿಕ್ಕಿದ್ದು ನನಗೇ. ಹಾಗಾಗಿ ಸಿಟ್ಟು ಜಾಸ್ತಿ ನನ್ನ ಮೇಲೇ. ಎರಡು ದಿನ, ಒಂದು ರಾತ್ರಿ. ಕೋಟೆ ಕಾಣುವ ಬಾಲ್ಕನಿ ರೂಮು, ‘ಹೆರಿಟೇಜ್ ಹಾಲ್’ನಲ್ಲಿ ಕ್ಯಾಂಡಲ್‌ಲೈಟ್ ಡಿನ್ನರ್, ತಿರುಗಾಡಲು ಕಾರು, ಜೊತೆಗೆ ಗೈಡ್, ಕೊನೆಗೆ ಒಂದು ಬಿದ್ರಿ ಗಿಫ್ಟ್ (ಕಪ್ಪು ಲೋಹದಲ್ಲಿ ಬೆಳ್ಳಿ ಕೂಡಿಸುವ ಬೀದರಿನ ಕೆಲಸ). ಎಲ್ಲಾ ಸೇರಿ 8,000. ಹಾಲ್‌ನ ಫೋಟೋ ನೋಡಿ ನಾನು ಸೋತೆ. ಕೆತ್ತನೆ ಮಾಡಿದ ಮರದ ಕಂಬಗಳು, ಅದರ ಮುಂದೆ ಕೆಂಪು ಬಟ್ಟೆ ಹಾಸಿದ ಮೇಜು, ಎರಡು ಮೇಣದಬತ್ತಿ. ಮಕ್ಕಳಿಗೂ ತೋರಿಸಿದ್ದೆ. ಮಗ “ಮಮ್ಮಿ, ರಾಜರ ಮನಿ ಇದ್ದಂಗ ಅದ” ಅಂದಿದ್ದ.

ಪೇಜಿನವನು ಮೊದಲು 2,000 ಹಾಕಿ, ವಾಟ್ಸಾಪ್‌ನಲ್ಲಿ ಆಧಾರ್ ಹಾಕಿ ಅಂದ. ಹಾಕಿದೆ. ಎಲ್ಲಾ ಕಡೆ ಹೀಗೇ ಅಲ್ವಾ, ಸ್ವಲ್ಪ ಅಡ್ವಾನ್ಸ್, ಉಳಿದಿದ್ದು ಹೋದ ಮೇಲೆ. ಆದರೆ ಹೊರಡುವ ಹಿಂದಿನ ರಾತ್ರಿ ಒಂಬತ್ತೂವರೆಗೆ ಫೋನ್ ಬಂತು. “ಮೇಡಂ, ನಾಳಿ ಶನಿವಾರ, ಹೋಟೆಲ್‌ನವರು ಫುಲ್ ಪೇಮೆಂಟ್ ಕೇಳಾಕತ್ಯಾರ. ಈಗ ಹಾಕಲಿಲ್ಲಂದ್ರ ರೂಮ್ ಬ್ಯಾರೆಯವರಿಗೆ ಹೋಗ್ತದ್ರಿ.” ಬ್ಯಾಗು ತುಂಬಿ ಆಗಿತ್ತು. ಅತ್ತೆಗೆ ರೊಟ್ಟಿ, ಶೇಂಗಾ ಹಿಂಡಿ ಎಲ್ಲಾ ಮಾಡಿಟ್ಟಿದ್ದೆ. ಬೇರೆ ಏನೂ ಯೋಚಿಸದೆ ಉಳಿದ 6,000 ಹಾಕಿಬಿಟ್ಟೆ. ರಸೀದಿ ಕೇಳಲಿಲ್ಲ. ಹೋಟೆಲ್ ಹೆಸರು ಕೇಳಿದ್ದಕ್ಕೆ “ಲೊಕೇಷನ್ ಮುಂಜಾನೆ ಕಳಸ್ತೀನ್ರಿ” ಅಂದ. ಅಲ್ಲೇ ನಿಲ್ಲಿಸಬೇಕಿತ್ತು. ಹೋಟೆಲ್ ಹೆಸರನ್ನೇ ಹೇಳದವನಿಗೆ ಯಾರಾದರೂ ಪೂರ್ತಿ ದುಡ್ಡು ಕೊಡುತ್ತಾರಾ? ನಾನು ಕೊಟ್ಟೆ.

ಶನಿವಾರ ಬೆಳಗಿನ ಬಸ್ಸು. ಕಮಲಾಪುರದಲ್ಲಿ ಇವರು ಕೆಂಪು ಬಾಳೆಹಣ್ಣು ಕೊಂಡರು. ಹುಮನಾಬಾದ್ ದಾಟುವವರೆಗೂ ನಾವಿಬ್ಬರೂ ಹೊಸದಾಗಿ ಮದುವೆಯಾದವರ ಹಾಗೆ ಮಾತಾಡುತ್ತಾ ಹೋದೆವು. ಆ ಎರಡು ಮೂರು ತಾಸು ಮಾತ್ರ ನಮ್ಮದು.

ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಕಾರು ಇರಲಿಲ್ಲ. ಮುಕ್ಕಾಲು ತಾಸು ಕಾದ ಮೇಲೆ ಒಂದು ಆಟೋ ಬಂತು. ಆಟೋದವರು ಪಾಪ, ಒಂದು ಸಣ್ಣ ಡಬ್ಬಿ ಕೊಟ್ಟು “ಇದು ನಿಮ್ಮ ಗಿಫ್ಟ್ ಅಂತರಿ” ಅಂದರು. ಬಾಡಿಗೆ ನೀವೇ ಕೊಡಬೇಕು ಅಂದರು. ಕರೆದುಕೊಂಡು ಹೋಗಿ ನಿಲ್ಲಿಸಿದ್ದು ಒಂದು ಹಾರ್ಡ್‌ವೇರ್ ಅಂಗಡಿಯ ಮುಂದೆ. ಅದರ ಮೇಲೆ ಲಾಡ್ಜು. ಬಾಲ್ಕನಿ ಇಲ್ಲ. ಕಿಟಕಿ ತೆರೆದರೆ ಪಕ್ಕದ ಗೋಡೆ.

ಕೌಂಟರಿನ ಹುಡುಗ ರಿಜಿಸ್ಟರ್ ನಮ್ಮ ಕಡೆ ತಿರುಗಿಸಿದ. ಇವರ ಹೆಸರಿನ ಮುಂದೆ ಬರೆದಿತ್ತು: ಬಾಡಿಗೆ 1,800, ಅಡ್ವಾನ್ಸ್ 500. “ಉಳಿದ 1,300 ಕೊಡ್ರಿ ಸರ್” ಅಂದ. ನಾವು 8,000 ಕೊಟ್ಟಿದ್ದೇವೆ ಅಂದರೆ ಅವನಿಗೆ ಅರ್ಥವೇ ಆಗಲಿಲ್ಲ. ಡಿನ್ನರ್ ಎಲ್ಲಿ ಅಂದೆ. “ನಮ್ಮಲ್ಲಿ ಕಿಚನ್ನೇ ಇಲ್ರಿ” ಅಂದ. 8,000ದಲ್ಲಿ 500! ಆ ರಿಜಿಸ್ಟರಿನ ಸಾಲು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ನನ್ನ ಆಧಾರ್‌ನಲ್ಲಿ ಇನ್ನೂ ತವರುಮನೆ ವಿಳಾಸ, ಅಪ್ಪನ ಹೆಸರು ಇದೆ. ಹುಡುಗ ಎರಡೂ ಕಾರ್ಡು ನೋಡಿದ, ನಮ್ಮಿಬ್ಬರ ಮುಖ ನೋಡಿದ. “ಮದುವಿ ಪ್ರೂಫ್ ಏನರ ಅದೇನ್ರಿ?” ಅಂದ. ಹಿಂದೆ ನಿಂತಿದ್ದ ಇಬ್ಬರು ತಿರುಗಿ ನೋಡಿದರು. ಕೊರಳಲ್ಲಿ ತಾಳಿ ಹಾಕಿಕೊಂಡು ನಿಂತಿದ್ದೇನೆ, ಮನೆಯಲ್ಲಿ ನನ್ನಷ್ಟೇ ಎತ್ತರದ ಮಗಳಿದ್ದಾಳೆ. ಫೋನಿನಲ್ಲಿ ಮಕ್ಕಳ ಜೊತೆಗಿನ ಫೋಟೋ ತೆಗೆದು ತೋರಿಸಬೇಕಾಯಿತು. ಇವರು ತಲೆ ತಗ್ಗಿಸಿ 1,300 ಎಣಿಸಿ ಕೊಟ್ಟರು.

ಪ್ಯಾಕೇಜಿನವನಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮೆಸೇಜ್ ಹಾಕಿದೆ. “ಮೇಡಂ, ಆ ರೂಮ್ ಫುಲ್ ಆಗ್ಯದ, ಇದು ಅದಕ್ಕಿಂತ ಚಲೋ ಅದ” ಅಂತ ಬಂತು. 1,300 ಯಾಕೆ ಕೊಡಬೇಕು ಅಂದೆ. “ಟ್ಯಾಕ್ಸ್ ಇರ್ತದ್ರಿ.” 1,800 ರೂಪಾಯಿ ರೂಮಿಗೆ 1,300 ಟ್ಯಾಕ್ಸಾ? ಅದಕ್ಕೆ ಉತ್ತರ ಇಲ್ಲ, ಬರೀ ಕೈ ಮುಗಿಯುವ ಚಿತ್ರ.

ಬಂದಿದ್ದೇವೆ, ಕೋಟೆಯಾದರೂ ನೋಡೋಣ ಅಂತ ಇವರು ಎಬ್ಬಿಸಿದರು. ಬೀದರ್ ಕೋಟೆ ನಾನು ಮೊದಲು ಎರಡು ಸಲ ನೋಡಿದ್ದೆ. ಎರಡೂ ಸಲ ರಂಗೀನ್ ಮಹಲಿಗೆ ಬೀಗ ಇತ್ತು. ಈ ಸಲ ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿಕೊಂಡಿದ್ದಕ್ಕೆ ಬೀಗ ತೆಗೆದು ಒಳಗೆ ಬಿಟ್ಟರು. ಒಳಗೆ ಕಾಲಿಟ್ಟವಳು ಅಲ್ಲೇ ನಿಂತುಬಿಟ್ಟೆ. ಅದೇ ಮರದ ಕಂಬಗಳು. ಅದೇ ಕೆತ್ತನೆ. ಫೋನ್ ತೆಗೆದು ಪಕ್ಕಕ್ಕೆ ಹಿಡಿದು ನೋಡಿದೆ. ಅವನ ‘ಹೆರಿಟೇಜ್ ಹಾಲ್’ ಅಂದರೆ ಇದೇ! ಬರೀದ್ ಶಾಹಿ ಸುಲ್ತಾನರ ಕಾಲದ ರಂಗೀನ್ ಮಹಲಿನ ಫೋಟೋ ಮೇಲೆ ಮೇಜು, ಕೆಂಪು ಬಟ್ಟೆ, ಮೇಣದಬತ್ತಿ ಅಂಟಿಸಿದ್ದಾನೆ. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ಕೆಲಸ ಅಲ್ಲಿ ಎಷ್ಟು ಚೆನ್ನಾಗಿದೆ, ಜನ ಅದನ್ನು ನೋಡಲು ದೂರದಿಂದ ಬರುತ್ತಾರೆ. ನಾನು ಮಾತ್ರ ಕಂಬದ ಮುಂದೆ ನಿಂತು ಅಳುತ್ತಿದ್ದೆ. ಇವರು ಏನಾಯಿತು ಅಂತ ಕೇಳಿದರು. ಫೋಟೋ ತೋರಿಸಿದೆ. ಅವರೂ ಸುಮ್ಮನಾದರು.

ಆ ಫೋಟೋನೇ ಅವನಿಗೆ ಕಳಿಸಿದೆ. ಉತ್ತರ ಏನು ಗೊತ್ತಾ? “ಫೋಟೋ ರೆಫರೆನ್ಸಿಗೆ ಹಾಕಿರ್ತೀವ್ರಿ ಮೇಡಂ. ಹುಡುಗರನ್ನ ಬಿಟ್ಟು ಬಂದೀರಿ, ಎಂಜಾಯ್ ಮಾಡ್ರಿ, ಸಣ್ಣ ಮಾತಿಗೆ ಯಾಕ ಮೂಡ್ ಹಾಳು ಮಾಡ್ಕೋತೀರಿ.” ಮಕ್ಕಳನ್ನು ಬಿಟ್ಟು ಬರುವುದು ಅಂತ ನಾನೇ ಬುಕ್ ಮಾಡುವಾಗ ಖುಷಿಯಲ್ಲಿ ಅವನಿಗೆ ಹೇಳಿದ್ದೆ. ಅದನ್ನು ಹೀಗೆ ತಿರುಗಿಸಿದ.

ಚೌಬಾರದ ಹತ್ತಿರ ಬಿದ್ರಿ ಕೆಲಸದ ಒಂದು ಅಂಗಡಿಗೆ ಹೋಗಿ ಆ ಡಬ್ಬಿ ತೆಗೆದು ತೋರಿಸಿದೆ. ಒಂದು ಪೆಂಡೆಂಟ್. ವಯಸ್ಸಾದವರು ಕೈಯಲ್ಲಿ ಹಿಡಿದು ಉಗುರಿನಿಂದ ಕೆರೆದರು. ಕಪ್ಪು ಬಣ್ಣ ಉಗುರಿಗೆ ಬಂತು. “ಇದು ಬಿದ್ರಿ ಅಲ್ಲಮ್ಮ, ಪೇಂಟು” ಅಂದರು. ತಾವು ಮಾಡಿದ ಒಂದು ಡಬ್ಬಿ ತೋರಿಸಿದರು. ಸತುವಿನಲ್ಲಿ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ, ಗೆರೆ ಕೊರೆದು ಬೆಳ್ಳಿ ತಂತಿ ಬಡಿದು ಕೂಡಿಸುತ್ತಾರೆ. ಆಮೇಲೆ ಕೋಟೆಯ ಹಳೆಯ ಮಣ್ಣು, ನವಸಾಗರ ಹಾಕಿದ ನೀರಿನಲ್ಲಿ ಅದ್ದಿದರೆ ಕಪ್ಪಾಗುತ್ತದೆ. ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕಪ್ಪು ಉಗುರಿಗೆ ಬರುವುದಿಲ್ಲ. 2006ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕ ಕೆಲಸ ಇದು. ಅವರ ಮುಖದಲ್ಲಿ ನಮಗಿಂತ ಜಾಸ್ತಿ ಬೇಜಾರು ಕಂಡಿತು. ತಮ್ಮ ಕೆಲಸದ ಹೆಸರಿನಲ್ಲಿ ಯಾರೋ ಬಣ್ಣ ಮಾರುತ್ತಿದ್ದಾನೆ, ಬೇಜಾರಾಗದೆ ಇರುತ್ತದಾ.

ಸಂಜೆ ಮಹಮೂದ್ ಗವಾನ್ ಮದ್ರಸಾದ ಮುಂದೆ ಕೂತೆವು. 1472ರ ಕಟ್ಟಡ, ಉಳಿದ ಒಂದೇ ಮಿನಾರಿನ ಮೇಲೆ ಬಿಸಿಲು ಇಳಿಯುತ್ತಿತ್ತು. ಇಬ್ಬರೇ ಹೀಗೆ ಕೂರಬೇಕು ಅಂತಲೇ ಬಂದಿದ್ದು. ನಾನು ತಲೆ ಬಗ್ಗಿಸಿಕೊಂಡು ಅವನಿಗೆ ಮೆಸೇಜ್ ಹಾಕುತ್ತಿದ್ದೆ. ದುಡ್ಡು ವಾಪಸ್ ಕೊಡು, ಇಲ್ಲಾಂದರೆ ಪೊಲೀಸರಿಗೆ ಹೇಳುತ್ತೇನೆ ಅಂತ ಬರೆದೆ. ಆಗ ವಾಯ್ಸ್ ಮೆಸೇಜ್ ಬಂತು. ಇದಕ್ಕೋಸ್ಕರವೇ ನಾನು ಇಷ್ಟೆಲ್ಲಾ ಬರೆಯುತ್ತಿರುವುದು. “ಹೇಳ್ರಿ ಮೇಡಂ, ಹೇಳ್ರಿ. ಆದ್ರ ನೀವಿಬ್ಬರು ಲಾಡ್ಜಿಗೆ ಬಂದಿದ್ದು ಮನ್ಯಾಗ ಗೊತ್ತದೇನ್ರಿ? ನಿಮ್ಮ ಆಧಾರ್ ನನ್ನ ಹಂತ್ಯಾಕ ಅದ.”

ಕೇಳಿದ್ರಲ್ಲಾ? ಮದುವೆಯಾದ ಗಂಡ ಹೆಂಡತಿಗೆ! ನಾವು ಕದ್ದು ಬಂದವರು ಅಂತ ಅಂದುಕೊಂಡು ಹೆದರಿಸುತ್ತಿದ್ದಾನೆ. ಇವರು ಫೋನ್ ಕಿತ್ತುಕೊಂಡು ಬೈದರು. ಅವನು ನಂಬರ್ ಬ್ಲಾಕ್ ಮಾಡಿದ. ನಮಗೇ ಕೈ ನಡುಗಿತು. ಇನ್ನು ಮದುವೆ ಗೊತ್ತಾದ ಹುಡುಗ ಹುಡುಗಿ ಹೋಗಿದ್ದರೆ ಅವರ ಗತಿ ಏನು? ಅವರು ಯಾರ ಹತ್ತಿರ ಹೇಳುತ್ತಾರೆ? ಯಾರೂ ಹೇಳುವುದಿಲ್ಲ ಅಂತ ಅವನಿಗೂ ಗೊತ್ತು.

ರಾತ್ರಿ ಒಂದು ಖಾನಾವಳಿಯಲ್ಲಿ ಊಟ ಮಾಡಿದೆವು. ಮನೆಗೆ ಫೋನ್ ಮಾಡಿದಾಗ ಮಗ ಮೊದಲು ಕೇಳಿದ್ದೇ “ಮಮ್ಮಿ, ರೂಮಿಂದ ಕೋಟಿ ಕಾಣ್ತದಾ?” ಅಂತ. ಹೂಂ, ಕಾಣ್ತದ ಅಂದೆ. ಅಷ್ಟೂರಿನ ಗುಂಬಜ್, ನರಸಿಂಹ ಝರಣಿ ಎಲ್ಲಾ ಭಾನುವಾರಕ್ಕೆ ಇಟ್ಟಿದ್ದೆವು. ಯಾವುದೂ ಬೇಡ ಅಂತ ಬೆಳಗ್ಗೆ ಮೊದಲ ಬಸ್ಸಿಗೇ ವಾಪಸ್ ಬಂದೆವು. ಅತ್ತೆ ಮುಖ ನೋಡಿಯೇ ಏನೋ ಆಗಿದೆ ಅಂತ ತಿಳಿದುಕೊಂಡರು, ಕೇಳಲಿಲ್ಲ.

ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದು ಮಂಗಳವಾರ 1930ಕ್ಕೆ ಫೋನ್ ಮಾಡಿದೆ. ಸೈಬರ್ ವಂಚನೆಗೆ ಅದೇ ನಂಬರು. ಇಂಥ ದೂರು ಬೇಗ ಕೊಟ್ಟಷ್ಟೂ ದುಡ್ಡು ತಡೆಯಲು ಅವಕಾಶ ಇರುತ್ತದೆ. ನಾನು ತಡ ಮಾಡಿದೆ, ನೀವು ಮಾಡಬೇಡಿ. ಗೊತ್ತಾದ ಗಳಿಗೆಯಲ್ಲೇ ಫೋನ್ ಮಾಡಿ, ಮೆಸೇಜು, ವಾಯ್ಸ್ ಯಾವುದನ್ನೂ ಅಳಿಸಬೇಡಿ. ಹೋಟೆಲಿನ ಹೆಸರು ಕೇಳಿ, ಬೇರೆ ಕಡೆಯಿಂದ ಅವರ ನಂಬರ್ ಹುಡುಕಿ ನೀವೇ ಫೋನ್ ಮಾಡಿ ವಿಚಾರಿಸಿ. ಆಧಾರ್ ಅನ್ನು ವಾಟ್ಸಾಪ್‌ನಲ್ಲಿ ಇಂಥವರಿಗೆ ಕಳಿಸಲೇಬೇಡಿ, ಕೌಂಟರಿನಲ್ಲಿ ತೋರಿಸಿದರೆ ಸಾಕು. ಮತ್ತೆ ಮನೆಯವರಿಗೆ ಹೇಳಿಯೇ ಹೋಗಿ. ಅತ್ತೆಗೆ ಗೊತ್ತಿತ್ತು ಅನ್ನುವ ಒಂದೇ ಕಾರಣಕ್ಕೆ ಅವನ ಬೆದರಿಕೆ ನಮ್ಮ ಮೇಲೆ ನಡೆಯಲಿಲ್ಲ.

ದೂರು ದಾಖಲಾಗಿದೆ, ದುಡ್ಡು ಬಂದಿಲ್ಲ. ನಿನ್ನೆ ಮಗಳು ಬೇರೆ ಹೆಸರಿನ ಒಂದು ಪೇಜು ತೋರಿಸಿದಳು. ರೇಟು ಈಗ 6,500. ಫೋಟೋ ಅದೇ. ಕೆತ್ತಿದ ಮರದ ಕಂಬಗಳ ಮುಂದೆ ಕೆಂಪು ಬಟ್ಟೆಯ ಮೇಜು ಕಂಡರೆ ಅದು ಬೀದರ್ ಕೋಟೆಯ ರಂಗೀನ್ ಮಹಲು. ಅಲ್ಲಿ ಯಾರೂ ಊಟ ಹಾಕುವುದಿಲ್ಲ.