ಕಣ್ಣಿಗೆ ಸುಣ್ಣ ಬಿದ್ದರೆ ಚೀಟಿಗೆ ಕಾಯಬೇಡಿ

ಎಳ್ಳಮಾವಾಸ್ಯೆಯ ದಿನ ಜೇವರ್ಗಿ ಕಡೆಯ ನಮ್ಮ ಹೊಲದಲ್ಲಿ ಸಜ್ಜಿ ರೊಟ್ಟಿ, ಭಜ್ಜಿ ಉಂಡು ಕೂತಿದ್ದೆವು. ಕಾಕಾ ತಂಬಾಕು ತಿಕ್ಕಿ ಸುಣ್ಣದ ಪಾಕೀಟು ಪಕ್ಕಕ್ಕಿಟ್ಟಿದ್ದರು. ಅಕ್ಕನ ಐದು ವರ್ಷದ ಮಗ ಅದನ್ನೆತ್ತಿ ಎರಡೂ ಕೈಯಲ್ಲಿ ಹಿಚುಕಿದ. ಪಟ್ ಅಂತ ಒಡೆದು ಸುಣ್ಣ ನೇರ ಬಲಗಣ್ಣಿಗೆ ಸಿಡಿಯಿತು.

ಒಂದು ಚೊಂಬು ನೀರು ಎರಚಿ ಬೈಕ್ ಹತ್ತಿದೆವು. ಕಟ್ಟಿಸಂಗಾವಿ ಹತ್ತಿರ ತುಂಬಿದ ಭೀಮಾ ನದಿಯನ್ನೇ ದಾಟಿ ಬಂದೆವು. ಕಣ್ಣಿಗೆ ಇನ್ನಷ್ಟು ನೀರು ಹಾಕಬೇಕು ಅಂತ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಕಲಬುರಗಿಯ ಆಸ್ಪತ್ರೆಯಲ್ಲಿ (ಹೆಸರು ಬೇಡ ಬಿಡಿ) ಚೀಟಿ ಮಾಡಿಸಿದೆವು. "ಕೂಡ್ರಿ, ನಂಬರ್ ಬಂದಾಗ ಕರೀತೀವಿ" ಅಂದರು. ನಮಗಿಂತ ಮುಂದೆ ಕನ್ನಡಕಕ್ಕೆ ಬಂದವರು, ಪೊರೆ ಆಪರೇಷನ್ ಆದವರು. ಹುಡುಗ ಅತ್ತು ಅತ್ತು ಸುಮ್ಮನಾದ. ಮತ್ತೆ ಹೋಗಿ ಕೇಳಿದ್ದಕ್ಕೆ ಕೌಂಟರಿನವನು ದೂರದಿಂದಲೇ ನೋಡಿ, "ಕೆಂಪೂ ಆಗಿಲ್ಲಲ್ರಿ, ಕಣ್ಣು ಬೆಳ್ಳಗೇ ಅದ" ಅಂದ. ನಮಗೂ ಸಮಾಧಾನ ಆಯಿತು. ದಡ್ಡರು ನಾವು.

ಮುಕ್ಕಾಲು ಗಂಟೆಯ ಮೇಲೆ ಹಿರಿಯ ಸಿಸ್ಟರ್ ಒಬ್ಬರು ಅವನ ರೆಪ್ಪೆಗೂದಲಿಗೆ ಒಣಗಿ ಅಂಟಿದ್ದ ಬಿಳಿ ಕಂಡು ನಿಂತರು.

"ಏನ್ ಬಿದ್ದದ?"

"ಸುಣ್ಣರಿ."

ಚೀಟಿ ಕೇಳಲಿಲ್ಲ. ಹುಡುಗನನ್ನು ಎತ್ತಿಕೊಂಡೇ ಒಳಗೆ ಹೋದರು. ಸಲೈನ್ ಹಚ್ಚಿ ಅರ್ಧ ಗಂಟೆ ಬಿಡದೆ ತೊಳೆದರು. ಡಾಕ್ಟರ್ ಮೇಲಿನ ರೆಪ್ಪೆ ಮಗುಚಿ, ಹತ್ತಿ ಕಡ್ಡಿಯಿಂದ ಸುಣ್ಣದ ಹರಳು ತೆಗೆದರು. ಅಷ್ಟು ಹೊತ್ತೂ ಅವು ಒಳಗೇ ಕೂತು ಸುಡುತ್ತಿದ್ದವು. ಬಣ್ಣದ ಕಾಗದದ ಪಟ್ಟಿಯನ್ನು ಕಣ್ಣಿಗೆ ತಾಗಿಸಿ ನೋಡಿ, ಕ್ಷಾರ ಇನ್ನೂ ಇದೆ ಅಂತ ಮತ್ತೆ ತೊಳೆದರು. ಸುಣ್ಣ ಆಸಿಡ್‌ಗಿಂತ ಜಾಸ್ತಿ ಆಳಕ್ಕೆ ಇಳಿಯುತ್ತದಂತೆ. ಕಣ್ಣು ಬೆಳ್ಳಗೆ ಕಂಡಿದ್ದು ರಕ್ತನಾಳ ಸುಟ್ಟಿದ್ದಕ್ಕೆ.

ಸುಣ್ಣ, ಆಸಿಡ್, ಹೊಲಕ್ಕೆ ಹೊಡೆಯುವ ಔಷಧ, ಯಾವುದೇ ಬೀಳಲಿ, ನಿಂತ ಜಾಗದಲ್ಲೇ ರೆಪ್ಪೆ ಬಿಡಿಸಿ ಹಿಡಿದು ಅರ್ಧ ಗಂಟೆ ನೀರು ಸುರಿಯಿರಿ. ಬೋರಿನ ನೀರಾದರೂ ಸರಿ. ಎದೆಹಾಲು, ಹರಳೆಣ್ಣೆ ಬೇಡ. ಕೌಂಟರಿನಲ್ಲಿ ರೋಗಿಯ ಹೆಸರಿಗಿಂತ ಮೊದಲು ಏನು ಬಿತ್ತು ಅಂತ ಹೇಳಿ, ಜೋರಾಗಿ ಹೇಳಿ. ಅಕ್ಷರ ಓದಿಸೋದೆಲ್ಲ ತೊಳೆದ ಮೇಲೆ.

ಕಲ್ಲು ಒಡೆಯುವಾಗ ಉಳಿಯ ಚೂರು ಕಣ್ಣೊಳಗೆ ನೆಟ್ಟರೆ ಮಾತ್ರ ಇದು ಉಲ್ಟಾ. ತೊಳೆಯಬೇಡಿ, ಒತ್ತಬೇಡಿ, ಕೀಳಬೇಡಿ. ಮೇಲೆ ಪೇಪರ್ ಕಪ್ ಮುಚ್ಚಿ ಕರೆದೊಯ್ಯಿರಿ. ನಮ್ಮ ಶಹಾಬಾದ್ ಕಡೆಯವರಿಗೆ ಇದನ್ನು ಹೇಳಲೇಬೇಕು.

ಹುಡುಗನ ಕರಿಗುಡ್ಡೆಯ ಮೇಲೆ ಈಗಲೂ ಹೊಗೆಯಂಥ ಮಬ್ಬಿದೆ. ಎಡಗಣ್ಣು ಮುಚ್ಚಿದರೆ ಟಿವಿಯಲ್ಲಿ ಯಾರಿದ್ದಾರೆ ಅಂತ ಗೊತ್ತಾಗೋದಿಲ್ಲ. ಕಾಕಾ ತಂಬಾಕು ಬಿಟ್ಟಿಲ್ಲ. ಸುಣ್ಣದ ಪಾಕೀಟು ಮಾತ್ರ ಈಗ ಜಂತಿಗೆ ಸಿಕ್ಕಿಸುತ್ತಾರೆ.